ಹನ್ನೆರಡರಲ್ಲಿ ಏಳು

ಜಗತ್ತು ಮರೆತ ಗಾಡಿಗಳು ನಮ್ಮೂರಿಗೆ ಬರುತ್ತವೆ. ಯಾರೂ ಓಡಿಸಿಕೊಂಡು ಬರುವುದಿಲ್ಲ, ಯಾರೂ ಕಳಿಸುವುದೂ ಇಲ್ಲ. ಪಡುವಣ ಉಪ್ಪಿನ ಬಯಲಿನಲ್ಲಿ ಬೆಳಿಗ್ಗೆ ಒಂದಿಷ್ಟು ಧೂಳು ಕಾಣಿಸುತ್ತದೆ, ಊಟದ ಹೊತ್ತಿಗೆ ಗಾಡಿ ಅಗಸೆಬಾಗಿಲ ಮುಂದೆ ಬಂದು ನಿಂತಿರುತ್ತದೆ. ಸರದಿಯಲ್ಲಿರುವ ಮನೆಯವರು ಹೋಗಿ ನಾಲ್ಕೂ ಚಕ್ರಕ್ಕೆ ನೀರು ಹಾಕಿ ಕರೆದುಕೊಂಡು ಬರುತ್ತಾರೆ. ಬಂದವೆಲ್ಲ ಒಂದೇ ಜಾತಿಯವು. ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ, ಇಬ್ಬರಿಗಿಂತ ಹೆಚ್ಚು ಜನ ಕೂರುವಂತಿಲ್ಲ, ಒಂದೊಂದರ ಎಂಜಿನ್ನು ಒಂದು ಕೋಣೆಯಷ್ಟು. ಬಾಗಿಲು ಕೆಲವಕ್ಕೆ ಮೇಲಕ್ಕೆ ಏಳುತ್ತದೆ, ಕೆಲವಕ್ಕೆ ಮುಂದಕ್ಕೆ ಸರಿಯುತ್ತದೆ, ನೆಟ್ಟಗೆ ತೆರೆಯುವ ಬಾಗಿಲು ಒಂದಕ್ಕೂ ಇಲ್ಲ.

ಬಂದ ಹಾಗೆ ಹೋಗುವುದೂ ಉಂಟು. ಹೊರಗೆ ಎಲ್ಲೋ ಯಾರೋ ನೆನಪು ಮಾಡಿಕೊಂಡು ಬರೆದರು, ಹತ್ತು ಜನ ಓದಿದರು ಎಂದರೆ ಮುಗಿಯಿತು, ಗಾಡಿ ತಾನಾಗಿ ಚಾಲೂ ಆಗಿ ಬಂದ ದಾರಿ ಹಿಡಿಯುತ್ತದೆ. ಎಂಟು ವರ್ಷದ ಹಿಂದೆ ಶಾಲೆಯ ಮಾಸ್ತರರ ಹಳದಿ ಗಾಡಿ ಹೀಗೇ ಹೋಯಿತು, ಅವರ ಕನ್ನಡಕವನ್ನೂ ಹೊತ್ತುಕೊಂಡು. ಅದರ ಸ್ಟೆಪ್ನಿ ಚಹಾದಂಗಡಿಯ ಗೋಡೆಗೆ ನೇತಾಡುತ್ತಿತ್ತು. ಅರ್ಧ ಗಂಟೆ ತಡವಾಗಿ ಅದೂ ಮೊಳೆ ಕಿತ್ತುಕೊಂಡು ಇಳಿದು, ಗಿರಾಕಿಗಳ ಕಾಲ ನಡುವೆ ನುಸುಳಿ, ಹಳದಿ ಗಾಡಿಯ ಹಿಂದೆ ಉರುಳಿಕೊಂಡು ಹೋಯಿತು. ಆವತ್ತು ಊರೆಲ್ಲ ನಕ್ಕಿತ್ತು, ಮಾಸ್ತರರೊಬ್ಬರನ್ನು ಬಿಟ್ಟು.

ಗಾಡಿ ಅತಿಥಿ ಎಂಬುದು ನಮ್ಮೂರ ಕಟ್ಟಳೆ. ಬಳಸಬಹುದು, ಬದಲಿಸಬಾರದು. ಒಂದು ತುಂಡು ಮುರಿದರೆ ಅದನ್ನು ಟ್ರಂಕಿನಲ್ಲಿ ಇಡಬೇಕೇ ಹೊರತು ಆ ಜಾಗದಲ್ಲಿ ಬೇರೆ ತುಂಡು ಹಾಕುವಂತಿಲ್ಲ. ಒಂದಲ್ಲ ಒಂದು ದಿನ ಕರೆ ಬರುತ್ತದೆ, ಬಂದಾಗ ಬಂದ ಹಾಗೇ ಒಪ್ಪಿಸಬೇಕು ಎಂದು ಕಟ್ಟೆಯ ಹಿರಿಯರು ಹೇಳುತ್ತಾರೆ. ಈ ಕಟ್ಟಳೆಯ ಫಲವಾಗಿ ಊರಿನ ಹನ್ನೊಂದು ಗಾಡಿಗಳಲ್ಲಿ ಹತ್ತು ಓಡುತ್ತಿರಲಿಲ್ಲ. ಒಂದರಲ್ಲಿ ಕೋಳಿ ಕಾವು ಕೂರುತ್ತಿತ್ತು. ಒಂದರ ಬೆನ್ನ ಮೇಲೆ ಸಂಡಿಗೆ ಒಣಗುತ್ತಿತ್ತು. ಕಟ್ಟೆಯ ಯಜಮಾನ ತೋಟಪ್ಪನ ಬಿಳಿ ಗಾಡಿಗೆ ಮಾತ್ರ ದಿನಾ ಕೊಬ್ಬರಿ ಎಣ್ಣೆ ಸವರಿ ಮಲ್ಲಿನ ಬಟ್ಟೆ ಹೊದಿಸುತ್ತಿದ್ದರು. ಅದು ಬಂದ ದಿನದಿಂದ ಒಂದು ಗೇಣೂ ಅಲುಗಿರಲಿಲ್ಲ.

ಓಡುತ್ತಿದ್ದ ಹನ್ನೊಂದನೆಯದು ನನ್ನದು. ನಾನು ಕಾಶವ್ವ, ಹಿಟ್ಟಿನ ಗಿರಣಿಯವಳು. ಗಾಡಿಯ ಹೆಸರು ಕೆಂಚಿ. ಅದರ ಮೂಗಿನ ಮೇಲೆ ಬೇರೆ ಯಾವುದೋ ಹೆಸರಿನ ಬಿಲ್ಲೆಯಿತ್ತು, ಪರದೇಶದ ಅಕ್ಷರ, ನನಗೆ ಓದಲು ಬಾರದು, ಬಣ್ಣ ಕೆಂಚಗಿದ್ದದ್ದಕ್ಕೆ ಕೆಂಚಿ ಎಂದೆ. ಅದು ಬರುವುದಕ್ಕೆ ಒಂದು ವರ್ಷ ಮುಂಚೆ ನನ್ನ ತಂಗಿ ಗೌರವ್ವ ಉಪ್ಪಿನ ಬಯಲಿನ ನಟ್ಟನಡುವೆ ಎತ್ತಿನ ಗಾಡಿಯಲ್ಲಿ ಸತ್ತಳು. ಆಸ್ಪತ್ರೆ ಬಯಲಿನಾಚೆ ಇದೆ. ನಮ್ಮೂರ ಹೆಂಗಸರು ಆ ದಾರಿಯನ್ನು ಮೈಲಿಯಲ್ಲಿ ಅಳೆಯುವುದಿಲ್ಲ, ಹೆರಿಗೆಯ ನೋವಿನಲ್ಲಿ ಅಳೆಯುತ್ತಾರೆ. ಎತ್ತಿನ ಗಾಡಿಗೆ ಅರವತ್ತು ನೋವಿನ ದಾರಿ, ಬಸ್ಸಿಗೆ ಹದಿನೆಂಟು. ಗೌರವ್ವ ಮೂವತ್ತೊಂದನೆಯ ನೋವಿನವರೆಗೆ ನನ್ನ ಕೈ ಹಿಡಿದಿದ್ದಳು. ಆಮೇಲೆ ಬಿಟ್ಟಳು. ಮಗುವೂ ಉಳಿಯಲಿಲ್ಲ.

ಹಾಗಾಗಿ ಕೆಂಚಿ ನನ್ನ ಸರದಿಗೆ ಬಂದಾಗ ನಾನು ಅತಿಥಿಸತ್ಕಾರ ಮಾಡುತ್ತಾ ಕೂರಲಿಲ್ಲ. ಮೊದಲ ವಾರವೇ ಗರಗಸ ತಂದು ಗಾಡಿಯ ಛಾವಣಿ ಕೊಯ್ದು ಒಂದೂವರೆ ಅಡಿ ಎತ್ತರಿಸಿದೆ, ಯಾಕೆಂದರೆ ತುಂಬಿದ ಬಸುರಿ ಆ ಗೂಡಿನೊಳಗೆ ನುಸುಳಲಾರಳು. ಎಡಗಡೆಯ ಆಸನ ಕಿತ್ತು ಮಲಗಲು ಹೊರಸು ಕಟ್ಟಿದೆ. ಮೇಲಕ್ಕೇಳುವ ಬಾಗಿಲು ಗಾಳಿಗೆ ಹಾರಾಡುತ್ತಿತ್ತು, ಅದನ್ನು ತೆಗೆದು ನಮ್ಮಪ್ಪನ ಕಾಲದ ಕಪಾಟಿನ ಬಾಗಿಲನ್ನು ಚಿಲಕ ಸಮೇತ ಕೂರಿಸಿದೆ. ಅಂಗೈಯಗಲದ ಸ್ಟೇರಿಂಗ್ ತೆಗೆದು ಹಳೆಯ ಬಸ್ಸಿನದನ್ನು ಹಾಕಿದೆ. ಬೆಲ್ಟು ಗಿರಣಿಯದು, ನೀರಿನ ಪಂಪು ತೋಟದ್ದು. ಕಿತ್ತದ್ದನ್ನೆಲ್ಲ, ಮೂಗಿನ ಬಿಲ್ಲೆಯನ್ನೂ ಸೇರಿಸಿ, ಕಟ್ಟಳೆಯ ಪ್ರಕಾರ ಟ್ರಂಕಿನಲ್ಲಿಟ್ಟು ಅಟ್ಟಕ್ಕೆ ಹಾಕಿದೆ. ಅಷ್ಟರಮಟ್ಟಿಗೆ ನಾನೂ ಮರ್ಯಾದಸ್ಥಳೇ.

ಕೆಂಚಿಗೆ ಹನ್ನೆರಡು ಪಿಸ್ಟನ್ನು. ಪಿಸ್ಟನ್ ಎಂದರೆ ಎಂಜಿನ್ನಿನೊಳಗೆ ಒನಕೆಯ ಹಾಗೆ ಮೇಲೆ ಕೆಳಗೆ ಆಡುವ ತುಂಡು, ಗಾಡಿಯ ಜೀವ ಇರುವುದೇ ಅದರಲ್ಲಿ. ವರ್ಷಕ್ಕೊಂದೊಂದರಂತೆ ನಾಲ್ಕು ಬಿರುಕು ಬಿಟ್ಟವು. ಗುಡಿಯ ಗಂಟೆ ಎರಕ ಹಾಕುವ ಮೌನಪ್ಪ ಕಂಚುಗಾರ ನಾಲ್ಕನ್ನೂ ಕಂಚಿನಲ್ಲಿ ಎರೆದುಕೊಟ್ಟ. ಕಂಚು ಆ ಬಿಸಿಯನ್ನು ತಡೆಯುವುದಿಲ್ಲ ಎಂದು ಓದಿದವರು ಹೇಳುತ್ತಾರೆ. ಮೌನಪ್ಪನ ಕಂಚು ತಡೆಯುತ್ತದೆ. ಅವು ಆಡುವಾಗ ಎಂಜಿನ್ನಿನ ಗರ್ಜನೆಯ ನಡುವೆ ಸಣ್ಣಗೆ ಗಂಟೆ ಬಡಿದ ಸದ್ದು ಕೇಳುತ್ತದೆ. ಅದು ಕೇಳಿದರೆ ಸಾಕು, ಯಾರೋ ಹೆರಿಗೆಗೆ ಹೊರಟರು ಎಂದು ಊರು ದಾರಿ ಬಿಡುತ್ತದೆ. ಕೆಂಚಿಯಲ್ಲಿ ಆಸ್ಪತ್ರೆ ನಾಲ್ಕು ನೋವಿನ ದಾರಿ. ಹನ್ನೊಂದು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರನ್ನು ಕರೆದೊಯ್ದಿದ್ದೇನೆ, ಒಬ್ಬಳನ್ನೂ ಬಯಲಿನಲ್ಲಿ ಬಿಟ್ಟಿಲ್ಲ. ಹಿರಿಯರಿಗೆ ಎಲ್ಲ ಗೊತ್ತಿತ್ತು. ಅವರ ಸೊಸೆಯಂದಿರೂ ಇದೇ ಹೊರಸಿನ ಮೇಲೆ ಮಲಗಿ ಹೋದವರಾದ್ದರಿಂದ ಕಣ್ಣು ಮುಚ್ಚಿಕೊಂಡಿದ್ದರು.

ಈ ಮಾಘದಲ್ಲಿ ಜಯತೀರ್ಥ ಎಂಬವನು ಬಂದಾಗ ಆ ಕಣ್ಣುಗಳು ತೆರೆದುಕೊಂಡವು. ನಲವತ್ತರ ಆಸುಪಾಸಿನ, ತೆಳ್ಳಗಿನ, ಮೆದುಮಾತಿನ ಮನುಷ್ಯ. ಹೆಗಲಿಗೆ ಕ್ಯಾಮೆರಾ, ಜೇಬಿನಲ್ಲಿ ಒಂದು ಕಟ್ಟು ಆಟದ ಕಾರ್ಡು. ತೊಂಬತ್ತರ ದಶಕದಲ್ಲಿ ಕೆಲವು ಹುಚ್ಚರು ಜಗತ್ತಿನಲ್ಲೇ ವೇಗದ ಗಾಡಿ ಕಟ್ಟುತ್ತೇವೆಂದು ಹೊರಟಿದ್ದರಂತೆ. ಕಟ್ಟುವಷ್ಟರಲ್ಲಿ ಕೊಳ್ಳುವವರು ಮಾಯವಾದರು. ಒಬ್ಬ ಮೂರು ಕಟ್ಟಿ ಬಾಗಿಲು ಹಾಕಿದ, ಇನ್ನೊಬ್ಬ ಐದು. ದೊಡ್ಡ ಹೆಸರಿನ ಒಂದೆರಡನ್ನು ಜನ ನೆನಪಿಟ್ಟುಕೊಂಡು ಉಳಿದವನ್ನೆಲ್ಲ ಮರೆತರು. ಇವನೊಬ್ಬ ಮರೆಯಲಿಲ್ಲ. ಚಿಕ್ಕಂದಿನಲ್ಲಿ ಆ ಗಾಡಿಗಳ ಚಿತ್ರವಿದ್ದ ಕಾರ್ಡಿನಲ್ಲಿ ಆಡಿದ್ದವನು, ಈಗ ಅವುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ. ಯುಗಾದಿಗೆ ಹೊರಬರುತ್ತದೆ ಎಂದ. ಹಾಗೆಂದರೆ ಏನಾಗುತ್ತದೆಂದು ಊರಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ. ತೋಟಪ್ಪನಂತೂ ಮದುವೆ ನಿಶ್ಚಯವಾದ ಮನೆಯ ಯಜಮಾನನಂತೆ ಓಡಾಡಿದ. ಕರೆ ಬಂತು, ಊರಿನ ಮಾತು ಉಳಿಯಿತು ಎಂದು ಕಂಡವರಿಗೆಲ್ಲ ಹೇಳಿದ.

ಶಾಲೆಯ ಬಯಲಿನಲ್ಲಿ ಹನ್ನೊಂದೂ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರು. ಹತ್ತನ್ನು ತಳ್ಳಿಕೊಂಡು ತಂದರು, ನಾನು ಓಡಿಸಿಕೊಂಡು ಬಂದೆ. ಜಯತೀರ್ಥ ಒಂದೊಂದರ ಮುಂದೆಯೂ ಮಂಡಿಯೂರಿ ಕೂತು ಹೆಸರು ಹಿಡಿದು ಮಾತಾಡಿಸಿದ, ಕಣ್ಣಲ್ಲಿ ನೀರು ತಂದುಕೊಂಡ. ಅವನ ಪ್ರೀತಿ ಸುಳ್ಳಲ್ಲ, ಅದನ್ನು ನಾನು ಒಪ್ಪುತ್ತೇನೆ. ಆಮೇಲೆ ಕೆಂಚಿಯ ಮುಂದೆ ಬಂದ. ಕಪಾಟಿನ ಬಾಗಿಲು ನೋಡಿದ, ಚಿಲಕ ಮುಟ್ಟಿದ, ಒಳಗಿನ ಹೊರಸು ನೋಡಿದ. ಆಮೇಲೆ ಎಂಜಿನ್ನು ತೋರಿಸಲು ಹೇಳಿದ. ನೋಡಿದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ಕಟ್ಟಿನಿಂದ ಒಂದು ಕಾರ್ಡು ತೆಗೆದು ನನ್ನ ಮುಂದೆ ಹಿಡಿದ. ಅದರಲ್ಲಿ ಕೆಂಚಿ ಎಳೆಯ ಹುಡುಗಿಯ ಹಾಗೆ ಮಿಂಚುತ್ತಾ ನಿಂತಿದ್ದಳು.

"ಐದೇ ಐದು ಮಾಡಿದ್ರು ಇದನ್ನ. ಇದು ಮೂರನೇದು," ಎಂದ. "ಇದನ್ನ ಕೊಂದುಬಿಟ್ಟಿರಲ್ಲ ತಾಯಿ."

"ಇದ್ರಾಗ ಹೋಗಿ ಹಡದವ್ರು ಇನ್ನೂರು ಮಂದಿ ಅದಾರ," ಎಂದೆ. "ಯಾವ ಹೆಣ ಇಷ್ಟು ಕೆಲಸ ಮಾಡೇತಿ ಹೇಳ್ರಿ?"

ಕಾರ್ಡಿನಲ್ಲಿ ಚಿತ್ರದ ಕೆಳಗೆ ಏನೇನೋ ಅಂಕಿಗಳಿದ್ದವು, ಒಂದು ಸಾಲಿನಲ್ಲಿ ಮಾತ್ರ ಬರೀ ಅಡ್ಡಗೆರೆ. ಅದೇನೆಂದು ಕೇಳಿದೆ. ಗರಿಷ್ಠ ವೇಗ ಎಂದ. ಅಳೆದು ನೋಡುವುದಕ್ಕೆ ಮುಂಚೆಯೇ ಕಾರ್ಖಾನೆ ಮುಚ್ಚಿತಂತೆ. ಈ ಗಾಡಿ ಎಷ್ಟು ಓಡಬಲ್ಲದು ಎಂಬುದು ಯಾರಿಗೂ ಗೊತ್ತಿಲ್ಲವಂತೆ. ಕಾರ್ಡನ್ನು ನನ್ನ ಕೈಯಲ್ಲಿಟ್ಟು, ಇನ್ನು ಇದು ತನಗೆ ಬೇಡ ಎಂದು ಹೊರಟ. ಹೋಗುವಾಗ ಮನಸ್ಸು ತಡೆಯದೆ ತೋಟಪ್ಪನ ಹತ್ತಿರ ಹೇಳಿದನಂತೆ, ಹಳೆಯ ತುಂಡುಗಳು ಇದ್ದರೆ ದಯವಿಟ್ಟು ಮತ್ತೆ ಜೋಡಿಸಿ, ಪುಸ್ತಕದಲ್ಲಿ ಈ ಗಾಡಿಗೂ ಒಂದು ಅಧ್ಯಾಯ ಇಟ್ಟಿದ್ದೇನೆ ಎಂದು.

ಅಷ್ಟು ಸಾಕಾಯಿತು. ಮರುದಿನವೇ ಕಟ್ಟೆ ಸೇರಿತು. ಹೊರಗಿನವನ ಎದುರು ಊರಿನ ಮಾನ ಹೋಯಿತು ಎಂದು ಐವರೂ ಹಿರಿಯರು ಒಂದೇ ಬಾಯಲ್ಲಿ ಹೇಳಿದರು. ಯುಗಾದಿಯ ಬೆಳಿಗ್ಗೆಯೊಳಗೆ ಕೆಂಚಿಗೆ ಅವಳ ತುಂಡುಗಳನ್ನೆಲ್ಲ ಮರಳಿ ಕೂರಿಸಬೇಕು, ನಾನು ಕೂರಿಸದಿದ್ದರೆ ಅವರೇ ಜನ ತಂದು ಕೂರಿಸುತ್ತಾರೆ ಎಂದು ತೀರ್ಮಾನವಾಯಿತು. ನನ್ನ ಅಟ್ಟದ ಟ್ರಂಕನ್ನು ಆಗಲೇ ಹೊತ್ತು ತಂದು ಕಟ್ಟೆಯ ಕೆಳಗಿಟ್ಟುಕೊಂಡಿದ್ದರು. ಕೆಂಚಿ ಹೋದ ಮೇಲೆ ಹೆರಿಗೆಗೆ ಏನು ಮಾಡುವುದು ಎಂದು ಕೇಳಿದೆ. ಮೊದಲು ಹೇಗಿತ್ತೋ ಹಾಗೆ ಎಂದರು. ಮೊದಲು ಹೇಗಿತ್ತು ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವಳು ಬಯಲಿನಲ್ಲಿ ಮಣ್ಣಾಗಿದ್ದಳು.

"ತೋಟಪ್ಪಣ್ಣ," ಎಂದೆ, "ನಿನ್ನ ಮಗಳು ಸುನಂದಾ ಚೊಚ್ಚಲ ಬಾಣಂತನಕ್ಕ ಬಂದು ಮನ್ಯಾಗ ಕುಂತಾಳ. ಯುಗಾದಿ ಆಜೂಬಾಜೂ ಆಕಿ ದಿನ. ಆಕಿನ್ನ ಯಾವುದರಾಗ ಕಳಸ್ತಿ?"

ಬಸ್ಸಿದೆಯಲ್ಲ ಎಂದ ತೋಟಪ್ಪ, ಕಣ್ಣು ತಪ್ಪಿಸಿ. ಹಬ್ಬದ ದಿನ ಬಸ್ಸು ಬರುವುದಿಲ್ಲ ಎಂದು ಊರಿನ ಕೂಸಿಗೂ ಗೊತ್ತು. ನಾನು ತುಂಡುಗಳನ್ನು ಕೂರಿಸುವುದಿಲ್ಲ, ಕೂರಿಸಲು ಬಂದವರಿಗೆ ಗಿರಣಿಯ ಬಾಗಿಲು ತೆಗೆಯುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಬಾಯಲ್ಲಿ ಹಾಗೆಂದೆ, ಆದರೆ ಭಯವಿತ್ತು. ಹಿರಿಯರನ್ನು ಬಾಗಿಲಲ್ಲಿ ತಡೆಯಬಹುದು, ಪುಸ್ತಕವನ್ನು ಹೇಗೆ ತಡೆಯುವುದು? ಬಾಗಿಲು, ಆಸನ, ಸ್ಟೇರಿಂಗ್ ಏನೇ ಬದಲಾಗಿರಲಿ, ಗಾಡಿ ಹೋಗುವುದು ಎಂಜಿನ್ನು ಹೇಳಿದ ಕಡೆಗೆ. ಹನ್ನೆರಡು ಪಿಸ್ಟನ್ನಿನಲ್ಲಿ ಎಂಟು ಇನ್ನೂ ಆ ಕಾರ್ಡಿನ ಹುಡುಗಿಯವು. ನನ್ನವು ನಾಲ್ಕು. ಇದನ್ನು ಮೌನಪ್ಪನ ಹತ್ತಿರ ಹೇಳಿದೆ. ಅವನು ಬೆರಳು ಮಡಚಿ ಲೆಕ್ಕ ಹಾಕಿ, ಯುಗಾದಿಯೊಳಗೆ ಮೂರು ಎರೆಯಬಲ್ಲೆ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ, ಅದಕ್ಕೂ ಕಂಚಿಲ್ಲ ಎಂದ. ಮೂರಾದರೆ ಏಳಾಗುತ್ತವಲ್ಲ ಎಂದೆ. ಹನ್ನೆರಡರಲ್ಲಿ ಏಳು.

ಕಂಚು ನಾನು ಕೇಳದೆಯೇ ಬಂತು. ಮೊದಲು ಬಂದವಳು ಕುಂಬಾರರ ಈರವ್ವ. ಸೆರಗಿನಲ್ಲಿ ಮುಚ್ಚಿಕೊಂಡು ತಂದ ಬಟ್ಟಲನ್ನು ಗಿರಣಿಯ ಕಟ್ಟೆಯ ಮೇಲಿಟ್ಟು, ಜೋಳ ಬೀಸಿಸಲು ಬಂದವಳ ಹಾಗೆ ನಿಂತಳು. ತವರಿನವರು ಕೊಟ್ಟ ಬಟ್ಟಲು, ಗಂಡನಿಗೆ ಹೇಳಿಲ್ಲ ಎಂದಳು. ಸಂಜೆಯೊಳಗೆ ಒಂಬತ್ತು ಬಟ್ಟಲು, ಎರಡು ತಂಬಿಗೆ, ಒಂದು ಕಾಲುಮುರಿದ ದೀಪ ಬಂದವು. ಮರುದಿನ ಇನ್ನಷ್ಟು. ಕೆಂಚಿಯ ಹೊರಸಿನ ಮೇಲೆ ಮಲಗಿ ಹೋದವರೆಲ್ಲ ತಂದರು. ತೋಟಪ್ಪನ ಹೆಂಡತಿ ಊಟದ ಕಂಚಿನ ತಾಟನ್ನೇ ತಂದಳು, ಅದೂ ಯಜಮಾನನ ತಾಟು. ಅವನು ಅದಕ್ಕಾಗಿ ಮೂರು ದಿನ ಮನೆಯೆಲ್ಲ ಹುಡುಕಿಸಿದನಂತೆ. ಆ ತಾಟು ಕರಗಿ ಕೆಂಪು ನೀರಾಗುವುದನ್ನು ನಾನು ನಿಂತು ನೋಡಿದೆ, ತುಂಬಾ ಸಮಾಧಾನವಾಯಿತು.

ಯುಗಾದಿಯ ಹಿಂದಿನ ದಿನ ಏಳನೆಯ ಪಿಸ್ಟನ್ನು ಕೂತಿತು. ತೆಗೆದ ಮೂರನ್ನು ನಾನೇ ಒಯ್ದು ಕಟ್ಟೆಯ ಟ್ರಂಕಿನಲ್ಲಿ ಹಾಕಿ ಬಂದೆ, ಕದ್ದಳು ಎಂಬ ಮಾತು ಬರಬಾರದಲ್ಲ. ತೋಟಪ್ಪ ನೋಡಿದ. ನಾಳೆ ಬರುತ್ತೇವೆ ಎಂದ. ಬನ್ನಿ ಎಂದೆ.

ಯುಗಾದಿಯ ಬೆಳಿಗ್ಗೆ ಅವರು ಬರುವುದಕ್ಕೆ ಮುಂಚೆಯೇ ಪುಸ್ತಕ ಹೊರಬಂದಿತ್ತೆಂದು ಕಾಣುತ್ತದೆ. ಎಣ್ಣೆನೀರು ಮುಗಿಸಿ ಬೇವುಬೆಲ್ಲ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಶಾಲೆಯ ಬಯಲಿನ ಕಡೆಯಿಂದ ಒಂದರ ಹಿಂದೊಂದು ಎಂಜಿನ್ನು ಕೂಗಿದವು. ವರ್ಷಗಟ್ಟಲೆ ಕೆಮ್ಮದ ಗಾಡಿಗಳು. ಹಿರಿಯರು ಆರತಿ ತಟ್ಟೆ ಹಿಡಿದು ಅತ್ತ ಓಡಿದರು, ನನ್ನ ಬಾಗಿಲಿಗೆ ಯಾರೂ ಬರಲಿಲ್ಲ. ಗಿರಣಿಯೊಳಗೆ ಕೆಂಚಿಯೂ ಚಾಲೂ ಆದಳು. ಕೀಲಿ ಮೊಳೆಗೆ ನೇತಾಡುತ್ತಲೇ ಇತ್ತು. ಮುಂದಿನ ಎರಡು ದೀಪಗಳು ರೆಪ್ಪೆ ತೆರೆದ ಹಾಗೆ ಮೇಲೆದ್ದವು. ಗಾಡಿ ತಾನಾಗಿ ಮುಂದೆ ಸರಿದು ಮುಚ್ಚಿದ ಬಾಗಿಲಿಗೆ ಮೂಗು ಹಚ್ಚಿ ನಿಂತು ತಳ್ಳತೊಡಗಿತು.

ಆಗ ಹಿತ್ತಲ ಬಾಗಿಲಿನಿಂದ ಸುನಂದಾ ಬಂದಳು, ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ಹಿಂದೆ ಅವಳ ಅವ್ವ. ಬೆಳಗಿನ ಜಾವದಿಂದ ನೋವಂತೆ, ಮಗು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಕೈಬಿಟ್ಟಳಂತೆ. ಅಪ್ಪ ಗಾಡಿ ಕಳಿಸುವ ಸಂಭ್ರಮದಲ್ಲಿದ್ದಾನೆ, ಹೇಳಿದರೂ ಕೇಳಿಸಲಿಲ್ಲವಂತೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಂಚಿ ಹೊರಟಿದ್ದಾಳೆ, ನನ್ನ ಮಾತು ಕೇಳುತ್ತಿಲ್ಲ, ಬ್ರೇಕು ಹಿಡಿಯುತ್ತಿಲ್ಲ, ಎಲ್ಲಿಗೆ ಒಯ್ಯುತ್ತಾಳೋ ಗೊತ್ತಿಲ್ಲ ಎಂದೆ.

"ಅತ್ತಿ, ದವಾಖಾನಿ ದಾರಿ ಆಕಡೇನ ಐತೆಲ್ಲ," ಎಂದಳು ಸುನಂದಾ. "ಹೊಂಟಾಳಂದ್ರ ನನ್ನೂ ಒಯ್ಯಲಿ."

ಅವಳನ್ನೂ ಅವಳವ್ವನನ್ನೂ ಹೊರಸಿಗೆ ಹತ್ತಿಸಿ, ಚಿಲಕ ಹಾಕಿ, ಗಿರಣಿಯ ಬಾಗಿಲು ತೆಗೆದೆ. ನಾನು ಕೂರುವಷ್ಟರಲ್ಲೇ ಕೆಂಚಿ ಓಣಿ ದಾಟಿದ್ದಳು. ಅಗಸೆಯಾಚೆ ಬಯಲು ಬಿಳಿ ಬೆಳಕಿನಲ್ಲಿ ಕುದಿಯುತ್ತಿತ್ತು. ಹತ್ತು ಗಾಡಿಗಳೂ ಆಗಲೇ ಸಾಲು ಹಿಡಿದು ಬಹಳ ಮುಂದೆ ಹೋಗಿದ್ದವು, ಮೈಮೇಲೆ ಕುಂಕುಮ, ಹಿಂದೆ ಧೂಳು. ಮೊದಲನೆಯ ನೋವು ಬಂತು. ಸುನಂದಾ ಹಲ್ಲು ಕಚ್ಚಿ "ಒಂದು" ಎಂದು ಎಣಿಸಿದಳು. ಬಸ್ಸಿನ ಸ್ಟೇರಿಂಗ್ ನನ್ನ ಕೈಯಲ್ಲಿ ಸುಮ್ಮನೆ ಗಿರ್ರನೆ ತಿರುಗುತ್ತಿತ್ತು, ಚಕ್ರಗಳಿಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ. ಆದರೆ ವೇಗ! ಇಷ್ಟು ವರ್ಷ ನಾನು ಇವಳನ್ನು ಹಿಡಿದು ಹಿಡಿದು ಓಡಿಸಿದ್ದೆ. ಇವತ್ತು ಹಿಡಿಯುವವರು ಯಾರೂ ಇರಲಿಲ್ಲ. ಕಂಚಿನ ಏಳೂ ಒಟ್ಟಿಗೆ ಬಡಿಯುತ್ತಿದ್ದವು, ಗುಡಿಯ ಗಂಟೆಗೆ ಊರಿನವರೆಲ್ಲ ಒಮ್ಮೆಗೇ ಕೈ ಹಚ್ಚಿದ ಹಾಗೆ.

ಸಾಲಿನ ಕೊನೆಯಲ್ಲಿ ತೋಟಪ್ಪನ ಬಿಳಿ ಗಾಡಿಯಿತ್ತು. ಅದರ ಬೆನ್ನಲ್ಲಿ ಕೊಬ್ಬರಿ ಎಣ್ಣೆ ಹೊಳೆಯುತ್ತಿತ್ತು. ಸುನಂದಾ ತಲೆಯೆತ್ತಿ ನೋಡಿದಳು.

"ಅಪ್ಪನ ಗಾಡಿ," ಎಂದಳು. "ಹಿಂದ ಹಾಕ ಅತ್ತಿ."

ಹಿಂದೆ ಹಾಕಿದಳು ಕೆಂಚಿ. ಬಿಳಿಯದನ್ನು ದಾಟಿ, ಕೋಳಿಗೂಡಿನದನ್ನು ದಾಟಿ, ಸಂಡಿಗೆಯದನ್ನು ದಾಟಿ, ಒಂದೊಂದನ್ನೇ ದಾಟಿ ಹತ್ತನ್ನೂ ಹಿಂದೆ ಹಾಕಿದಳು. ಅವೆಲ್ಲ ಒಂದು ಕಾಲದಲ್ಲಿ ಜಗತ್ತಿನಲ್ಲೇ ವೇಗದ ಗಾಡಿಗಳಾಗಬೇಕಿದ್ದವು. ತಿಂದು ಕೂತವು ಅವು, ಕೆಲಸ ಮಾಡಿದವಳು ಇವಳು. ಸುನಂದಾ ಎರಡು ಎಂದಳು. ಎದುರಿಗೆ ಕವಲುಗಲ್ಲು ಕಾಣಿಸಿತು. ಅಲ್ಲಿ ಬಲಕ್ಕೆ ತಿರುಗಿದರೆ ಹೊರಗಿನ ಜಗತ್ತು, ಎಡಕ್ಕೆ ಆಸ್ಪತ್ರೆ.

ಕಲ್ಲು ಹತ್ತಿರ ಬಂದಂತೆ ಕೆಂಚಿ ಬಲಕ್ಕೆ ವಾಲಿದಳು. ಐದು ಪಿಸ್ಟನ್ನುಗಳು ಎಳೆಯುವುದು ನನ್ನ ಬೆನ್ನಿಗೇ ತಿಳಿಯುತ್ತಿತ್ತು. ಅವುಗಳದ್ದೂ ತಪ್ಪಿರಲಿಲ್ಲ, ಅವುಗಳನ್ನು ಅವುಗಳ ಹೆಸರು ಹಿಡಿದು ಕರೆದಿದ್ದರು. ನಾನು ಸ್ಟೇರಿಂಗಿಗೆ ಜೋತುಬಿದ್ದೆ. ಗೌರವ್ವನ ಕೈ ಬಿಟ್ಟುಹೋದದ್ದು ಇದೇ ಕಲ್ಲಿನಿಂದ ಸ್ವಲ್ಪ ಹಿಂದೆ. "ಕೆಂಚಿ, ನೀ ಯಾರಾಕಿ?" ಎಂದು ಕೂಗಿದೆ. ಅಷ್ಟೇ ಕೇಳಿದ್ದು. ಬಟ್ಟಲು, ತಂಬಿಗೆ, ಕಾಲುಮುರಿದ ದೀಪ, ಯಜಮಾನನ ತಾಟು ಎಲ್ಲ ಎಂಜಿನ್ನಿನೊಳಗೆ ಒಮ್ಮೆ ದೊಡ್ಡದಾಗಿ ಝಣ್ಣೆಂದವು. ಗಾಡಿ ನಡುಗಿತು, ಅಡ್ಡಡ್ಡ ಜಾರಿತು, ಉಪ್ಪು ಎದ್ದು ಗಾಜಿಗೆ ರಾಚಿತು. ಆಮೇಲೆ ಸ್ಟೇರಿಂಗ್ ನನ್ನ ಕೈಗೆ ಗಟ್ಟಿಯಾಗಿ ಸಿಕ್ಕಿತು. ಕೆಂಚಿ ಎಡಕ್ಕೆ ತಿರುಗಿದಳು.

ಆಸ್ಪತ್ರೆಯ ಮೆಟ್ಟಿಲ ಮುಂದೆ ನಿಂತಾಗ ಸುನಂದಾ ಮೂರು ಎಂದಳು. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಇಬ್ಬರೂ ಉಳಿದರು.

ಮಧ್ಯಾಹ್ನ ನಾನೊಬ್ಬಳೇ ಮರಳುವಾಗ ಹತ್ತು ಗಾಡಿಗಳ ಗುರುತೂ ಇರಲಿಲ್ಲ. ಕವಲುಗಲ್ಲಿನ ಹತ್ತಿರ ಮಾತ್ರ ನನ್ನ ಟ್ರಂಕಿನ ಸಾಮಾನು ಎದುರಾಯಿತು. ಮೇಲಕ್ಕೇಳುವ ಬಾಗಿಲು ನೆಲ ಕೆರೆಯುತ್ತಾ ಬರುತ್ತಿತ್ತು, ಏಳು ಹಳೆಯ ಪಿಸ್ಟನ್ನು ಹಿಂಡಿನ ಹಾಗೆ ಉರುಳುತ್ತಿದ್ದವು, ಎಲ್ಲಕ್ಕಿಂತ ಹಿಂದೆ ನನಗೆ ಓದಲು ಬಾರದ ಹೆಸರಿನ ಬಿಲ್ಲೆ. ಕಾರ್ಡಿನ ಹುಡುಗಿ ಹೊರಟುಹೋಗುತ್ತಿದ್ದಳು. ಕೆಂಚಿ ಒಂದಿಷ್ಟೂ ಅಳುಕಲಿಲ್ಲ. ನಾನು ಬದಿಗೆ ಸರಿದು ದಾರಿ ಕೊಟ್ಟೆ, ಒಂದು ಸಲ ಹಾರ್ನ್ ಹೊಡೆದು ಮುಂದೆ ಬಂದೆ.

ಅಗಸೆಯಲ್ಲಿ ತೋಟಪ್ಪ ಬರಿದಾದ ಆರತಿ ತಟ್ಟೆ ಹಿಡಿದು ನಿಂತಿದ್ದ. ಅವನ ಹಿಂದೆ ಉಳಿದ ನಾಲ್ವರು ಹಿರಿಯರು. ಊರಿನಲ್ಲಿ ಈಗ ಇದೊಂದೇ ಗಾಡಿ, ಇದನ್ನು ಕಿತ್ತು ಯಾರಿಗೆ ಕೊಡುವುದೆಂದು ಯೋಚಿಸುತ್ತಿದ್ದರೋ ಏನೋ. ಹೆಣ್ಣು ಮಗು ಎಂದೆ, ಇಬ್ಬರೂ ಆರಾಮ ಎಂದೆ. ಅವನು ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಅವನಿಗೆ ಕ್ಷಮೆ ಕೇಳಲು ಬರುವುದಿಲ್ಲ, ನನಗೂ ಕೊಡಲು ಬರುವುದಿಲ್ಲ. ಎಷ್ಟು ಹೊತ್ತಿನಲ್ಲಿ ಮುಟ್ಟಿದಿರಿ ಎಂದು ಕೇಳಿದ.

ನಾನು ಗಿರಣಿಗೆ ಬಂದೆ. ಕೆಂಚಿಯ ಹೊರಸು ತೊಳೆದು ಬಿಸಿಲಿಗಿಟ್ಟೆ. ಆಮೇಲೆ ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟಿದ್ದ ಆ ಕಾರ್ಡನ್ನು ತೆಗೆದು, ಮೂಟೆಗಳಿಗೆ ಗುರುತು ಹಾಕುವ ಸೀಸದ ಕಡ್ಡಿಯಿಂದ, ಗರಿಷ್ಠ ವೇಗದ ಮುಂದಿದ್ದ ಅಡ್ಡಗೆರೆಯ ಮೇಲೆ ದಪ್ಪಗೆ ಬರೆದೆ: ಮೂರು ನೋವು.